ಬಸ್ ಹತ್ತಿಸಿ ಕಳಿಸುವ ಬದಲು: ನಾಲ್ಕು ಊರು ಸೇರಿ ಒಂದು ಆಶ್ರಯ ಕೇಂದ್ರ ನಡೆಸುವುದು ಹೇಗೆ?

ಆಷಾಢದ ಒಂದು ರಾತ್ರಿ. ಶಿವಮೊಗ್ಗದ ಖಾಸಗಿ ಬಸ್ ನಿಲ್ದಾಣದಲ್ಲಿ ಹನ್ನೊಂದು ಗಂಟೆ ಕಳೆದಿತ್ತು. ಎರಚಲು ಅರ್ಧ ಪ್ಲಾಟ್‌ಫಾರಂವರೆಗೂ ಹೊಡೆಯುತ್ತಿದ್ದರಿಂದ ಮಲಗುವವರೆಲ್ಲ ಗೋಡೆಗೆ ಒತ್ತಿಕೊಂಡಿದ್ದರು. ಗೊಬ್ಬರದ ಚೀಲವನ್ನೇ ಕೊಪ್ಪೆ ಮಾಡಿ ಹೊದ್ದಿದ್ದ ಅಜ್ಜಿಯೊಬ್ಬರು ಮಾತ್ರ ಮಲಗದೆ ಕುಕ್ಕರುಗಾಲಲ್ಲಿ ಕೂತಿದ್ದರು. ಎಲ್ಲಿಂದ ಬಂದ್ರಿ ಅಜ್ಜಿ ಎಂದು ಕೇಳಿದೆ. ಸೆರಗಿನ ಗಂಟು ಬಿಚ್ಚಿ, ಅಡಿಕೆ ಹೋಳಿನ ಜತೆ ಮುದುಡಿ ಹೋಗಿದ್ದ ಟಿಕೆಟ್ ತೋರಿಸಿದರು. "ಬಂದಿದ್ದಲ್ಲ ಮಾರಾಯಾ, ಹತ್ತಿಸಿ ಕಳ್ಸಿದ್ರು. ಶಿಮೊಗ್ಗ ದೊಡ್ಡೂರು, ಅಲ್ಲಿ ಏನಾದ್ರೂ ವ್ಯವಸ್ಥೆ ಇರ್ತದೆ ಅಂದ್ರು."

ಯಾರು ಕಳಿಸಿದ್ದು ಎಂದು ನಾನು ಕೇಳಲಿಲ್ಲ. ಮಲೆನಾಡಿನ ಸಣ್ಣ ಪೇಟೆಗಳಲ್ಲಿ ಸೂರಿಲ್ಲದವರಿಗಾಗಿ ಯಾರೂ ಬರೆಯದೆಯೂ ನಡೆದುಕೊಂಡು ಬಂದಿರುವ ಯೋಜನೆ ಇದೊಂದೇ, ಮುಂದಿನ ಊರಿನ ಬಸ್ಸು. ಅಂಗಡಿ ಜಗಲಿಯಲ್ಲಿ ಮಲಗಿದವರ ಕೈಗೆ ಯಾರೋ ನೂರು ರೂಪಾಯಿ ಇಟ್ಟು, ಕಂಡಕ್ಟರಿಗೆ "ಶಿಮೊಗ್ಗದಲ್ಲಿ ಇಳಿಸಿ" ಎಂದು ಹೇಳುತ್ತಾರೆ. ಬಹಳ ಸಲ ಇದು ಕನಿಕರದಿಂದಲೇ ಆಗುತ್ತದೆ. ಅಲ್ಲಿಗೆ ಆ ಊರಿನ ಲೆಕ್ಕ ಚುಕ್ತಾ.

ಹೀಗಾಗುವುದಕ್ಕೆ ಕಾರಣ ಹುಡುಕುತ್ತಾ ಹೋದರೆ ಕಾಗದದಲ್ಲೇ ಸಿಗುತ್ತದೆ. ಆಹಾರದ ಹಕ್ಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ನಗರಗಳಿಗೆ ಹಾಕಿಕೊಟ್ಟ ಅಳತೆ ಲಕ್ಷ ಜನಸಂಖ್ಯೆಗೆ ಒಂದು ಆಶ್ರಯ ಕೇಂದ್ರ. 2013ರಲ್ಲಿ ಶುರುವಾದ ರಾಷ್ಟ್ರೀಯ ನಗರ ಜೀವನೋಪಾಯ ಮಿಷನ್ (ಕಚೇರಿಗಳಲ್ಲಿ 'ನಲ್ಮ್' ಎಂದೇ ರೂಢಿ) ಅದೇ ಅಳತೆಯನ್ನು ಇಟ್ಟುಕೊಂಡು, ಲಕ್ಷಕ್ಕೆ ನೂರು ಜನರಿಗಾದರೂ ಜಾಗ ಇರಬೇಕು ಎಂದಿತು. 2011ರ ಜನಗಣತಿಯಲ್ಲಿ ಶಿವಮೊಗ್ಗ ನಗರದ ಜನಸಂಖ್ಯೆ 3.22 ಲಕ್ಷ, ಭದ್ರಾವತಿಯದು ಒಂದೂವರೆ ಲಕ್ಷ. ಇವೆರಡೂ ಅಳತೆಗೆ ಸಿಕ್ಕವು. ಸಾಗರದಲ್ಲಿ 54 ಸಾವಿರ ಚಿಲ್ಲರೆ ಜನ. ತೀರ್ಥಹಳ್ಳಿ, ಹೊಸನಗರ, ಸೊರಬಗಳ ಮಾತು ಬಿಡಿ. ಒಂದೊಂದಾಗಿ ನೋಡಿದರೆ ಈ ಊರುಗಳಿಗೆ ಆಶ್ರಯ ಕೇಂದ್ರದ ಪಾಲು ಬರುವುದೇ ಇಲ್ಲ. ಕೂಡಿಸಿ ನೋಡಿದರೆ ಬರುತ್ತದೆ. ಕೂಡಿಸುವುದು ಹೇಗೆ ಎನ್ನುವುದೇ ಈ ಲೇಖನ. ವಾರ್ಡ್ ಸದಸ್ಯರು, ಸಂಘ ಸಂಸ್ಥೆಯವರು, ಪೌರಾಯುಕ್ತರಿಗೆ ಮನವಿ ಕೊಡಲು ಹೊರಟವರು ಯಾರು ಬೇಕಾದರೂ ಇಲ್ಲಿಂದ ಶುರು ಮಾಡಬಹುದು.

ಮೊದಲು, ರಾತ್ರಿ ಹೋಗಿ ಎಣಿಸಿ

ಹಗಲು ಎಣಿಸಿದರೆ ಯಾರೂ ಸಿಗುವುದಿಲ್ಲ. ಹಗಲು ಅವರು ಕೂಲಿಕಾರರು, ಹೋಟೆಲಿನಲ್ಲಿ ಲೋಟ ತೊಳೆಯುವವರು, ರಟ್ಟು ಪ್ಲಾಸ್ಟಿಕ್ ಹೆಕ್ಕುವವರು. ಜನಗಣತಿಯವರೂ 2011ರಲ್ಲಿ ವಸತಿರಹಿತರನ್ನು ಎಣಿಸಿದ್ದು ಫೆಬ್ರುವರಿ 28ರ ಒಂದೇ ರಾತ್ರಿ. ಇಡೀ ಕರ್ನಾಟಕದಲ್ಲಿ ಸಿಕ್ಕವರು 76 ಸಾವಿರ ಚಿಲ್ಲರೆ.

ಆದರೆ ಫೆಬ್ರುವರಿ ನಮ್ಮ ಕಡೆಗೆ ಸರಿಯಾದ ತಿಂಗಳಲ್ಲ. ಇಲ್ಲಿ ಎರಡು ಸಲ ಎಣಿಸಬೇಕು. ಒಮ್ಮೆ ಜಡಿಮಳೆಯ ಜುಲೈನಲ್ಲಿ, ಒಮ್ಮೆ ಅಡಿಕೆ ಕೊಯ್ಲು ಜೋರಾಗಿರುವ ಡಿಸೆಂಬರ್ ಹೊತ್ತಿಗೆ. ಮಳೆಗಾಲದಲ್ಲಿ ಸಿಗುವವರು ಹೆಚ್ಚಾಗಿ ವಯಸ್ಸಾದವರು, ಕಾಯಿಲೆಯವರು, ಮನೆಬಿಟ್ಟವರು. ಕೊಯ್ಲಿನ ಹೊತ್ತಿಗೆ ಬಯಲುಸೀಮೆಯಿಂದ ಕೆಲಸ ಹುಡುಕಿಕೊಂಡು ಬಂದ ಗಟ್ಟಿಮುಟ್ಟು ಆಳುಗಳು. ಇಬ್ಬರಿಗೂ ಬೇಕಾದದ್ದು ಒಂದೇ ಅಲ್ಲ. ಒಬ್ಬರಿಗೆ ತಿಂಗಳುಗಟ್ಟಲೆ ಹಾಸಿಗೆ ಬೇಕು, ಇನ್ನೊಬ್ಬರಿಗೆ ಕೆಲಸ ಸಿಗುವ ತನಕ ನಾಲ್ಕು ರಾತ್ರಿ.

ಬಸ್ ನಿಲ್ದಾಣ, ರೈಲು ನಿಲ್ದಾಣ, ಸಂತೆ ಮಾಳ, ದೇವಸ್ಥಾನದ ಪೌಳಿ, ಹಳೇ ಕಟ್ಟಡಗಳ ಜಗಲಿ ಇವನ್ನೆಲ್ಲ ಒಂದೇ ರಾತ್ರಿ, ಎಲ್ಲ ಊರುಗಳಲ್ಲೂ ಒಟ್ಟಿಗೇ ನೋಡಬೇಕು. ಇಲ್ಲದಿದ್ದರೆ ಬಸ್ಸಿನಲ್ಲಿ ಓಡಾಡುವವರು ಎರಡು ಊರಿನ ಲೆಕ್ಕದಲ್ಲೂ ಬರುತ್ತಾರೆ. ಆಸ್ಪತ್ರೆಯನ್ನು ಬಿಡಬೇಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಂಥ ಕಡೆ ವರಾಂಡದಲ್ಲಿ ಮಲಗುವವರಲ್ಲಿ ಬಹುಪಾಲು ರೋಗಿಗಳ ಕಡೆಯವರು. ಅವರಿಗೆ ಊರಲ್ಲಿ ಮನೆ ಇದೆ, ಆ ರಾತ್ರಿಗೆ ಇಲ್ಲ ಅಷ್ಟೇ. ಅವರದು ಬೇರೆ ಪಟ್ಟಿ. ಟಾರ್ಚ್ ಮುಖಕ್ಕೆ ಬಿಡಬೇಡಿ, ಫೋಟೊ ತೆಗೆಯಬೇಡಿ. ಜತೆಗೆ ಒಬ್ಬ ಹೆಂಗಸು ಇರಲೇಬೇಕು. ಖಾಕಿ ಮಾತ್ರ ಬೇಡ, ಖಾಕಿ ಕಂಡರೆ ಅರ್ಧ ಜನ ಎದ್ದು ಹೋಗುತ್ತಾರೆ.

ಜಾಗ: ಊರಾಚೆ ಬೇಡ

ಇದು ಬೇಗ ಮುಗಿಯುವ ಮಾತು. ಬಸ್ ನಿಲ್ದಾಣ, ರೈಲು ನಿಲ್ದಾಣ, ಮಾರುಕಟ್ಟೆಗಳ ಹತ್ತಿರವೇ ಇರಬೇಕು ಎಂದು ನಲ್ಮ್ ಮಾರ್ಗಸೂಚಿಯೇ ಹೇಳುತ್ತದೆ. ತಲೆಗೆ 50 ಚದರಡಿ. 50 ಜನಕ್ಕೆ 2,500 ಚದರಡಿ. ಹೊಸದಾಗಿ ಕಟ್ಟಲೇಬೇಕೆಂದಿಲ್ಲ, ಬಳಕೆಯಾಗದೆ ಬಿದ್ದಿರುವ ಸರ್ಕಾರಿ ಕಟ್ಟಡ ರಿಪೇರಿ ಮಾಡಿಸಿಕೊಂಡರೂ ಆದೀತು. ಮಲೆನಾಡಿಗೆಂದು ನಾನು ಸೇರಿಸುವುದು ಒಂದನ್ನೇ, ಬಟ್ಟೆ ಒಣಗಿಸಲು ಮಾಡು ಇರುವ, ಗಾಳಿಯಾಡುವ ಜಾಗ. ಜುಲೈನಲ್ಲಿ ಒದ್ದೆ ಕಂಬಳಿಗಳ ಮುಗ್ಗಲು ವಾಸನೆ ತುಂಬಿದ ಹಾಲ್‌ಗಿಂತ ಬಸ್ ನಿಲ್ದಾಣದ ಕಲ್ಲುಬೆಂಚೇ ಎಷ್ಟೋ ಮೇಲು ಎಂದು ಜನ ಎದ್ದುಹೋಗುತ್ತಾರೆ.

ದುಡ್ಡು: ಯಾರು, ಎಷ್ಟು, ಯಾವ ಲೆಕ್ಕದಲ್ಲಿ

ಸಭೆಗಳು ಮುರಿದುಬೀಳುವುದು ಇಲ್ಲೇ. ಅದಕ್ಕೇ ಸ್ವಲ್ಪ ನಿಧಾನವಾಗಿ ನೋಡೋಣ.

ನಲ್ಮ್ ಅಡಿಯಲ್ಲಿ 50 ಜನರ ಕೇಂದ್ರದ ನಿರ್ವಹಣೆಗೆ ಇಟ್ಟಿದ್ದು ವರ್ಷಕ್ಕೆ 6 ಲಕ್ಷ ರೂಪಾಯಿ, ಅದೂ ಐದು ವರ್ಷಕ್ಕೆ. ತಿಂಗಳಿಗೆ 50 ಸಾವಿರವಾಯಿತು. ಮೂರು ಪಾಳಿಯಲ್ಲಿ ನೋಡಿಕೊಳ್ಳುವವರು, ಒಬ್ಬರು ಸ್ವಚ್ಛತೆಗೆ, ಕರೆಂಟು, ಸೋಪು, ಫಿನಾಯಿಲ್. ತಲೆಗೆ ದಿನಕ್ಕೆ 33 ರೂಪಾಯಿಯಲ್ಲಿ ಇದೆಲ್ಲ ಆಗುವುದಿಲ್ಲ. ಆ ಮಿಷನ್ನಿನ ಅವಧಿಯೂ 2024ರ ಸೆಪ್ಟೆಂಬರ್‌ಗೆ ಮುಗಿದಿದೆ. ಹಾಗಾಗಿ ಕೇಂದ್ರ, ರಾಜ್ಯ ಸರ್ಕಾರಗಳಿಂದ ಬಂದರೆ ಬರಲಿ, ನಡೆಸುವ ಖರ್ಚು ನಮ್ಮದೇ ಎಂದುಕೊಂಡು ಕೂತರೆ ಲೆಕ್ಕ ಸರಿಹೋಗುತ್ತದೆ.

ಸ್ಥಳೀಯ ಸಂಸ್ಥೆಯ ಬಜೆಟ್ ಪುಸ್ತಕ ಕೈಗೆ ತೆಗೆದುಕೊಳ್ಳಿ. ಅಲ್ಲಿ ಶೇ 24.10 ಎಂದರೆ ಪರಿಶಿಷ್ಟರಿಗೆ ಮೀಸಲಿಟ್ಟ ಹಣ, ಶೇ 7.25 ಎಂದರೆ ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ. ಹೊಲಿಗೆ ಯಂತ್ರ, ಗ್ಯಾಸ್ ಒಲೆ, ಲ್ಯಾಪ್‌ಟಾಪ್ ಕೊಡುವ ಫೋಟೊಗಳು ಪತ್ರಿಕೆಗೆ ಬರುವುದು ಈ ಹಣದಿಂದಲೇ. ವಸತಿರಹಿತರಿಗಿಂತ ಬಡವರು ಯಾರಿದ್ದಾರೆ? ಆದರೂ ಅವರ ಹೆಸರು ಫಲಾನುಭವಿ ಪಟ್ಟಿಯಲ್ಲಿ ಇರುವುದಿಲ್ಲ. ಅರ್ಜಿಗೆ ಪಡಿತರ ಚೀಟಿ ಬೇಕು, ಚೀಟಿಗೆ ವಿಳಾಸ ಬೇಕು. ಶೇ 7.25ರಲ್ಲಿ ಒಂದು ಪಾಲು ಆಶ್ರಯ ಕೇಂದ್ರಕ್ಕೆ ಎಂದು ಕ್ರಿಯಾ ಯೋಜನೆಯಲ್ಲೇ ಬರೆಸಿಬಿಡುವುದು ಮೊದಲ ಕೆಲಸ. 15ನೇ ಹಣಕಾಸು ಆಯೋಗದ (2021–26) ಮುಕ್ತ ಅನುದಾನವನ್ನು ಊರಿನ ಅಗತ್ಯಕ್ಕೆ ಬಳಸಬಹುದಿತ್ತು, ಸಂಬಳಕ್ಕೆ ಬಳಸುವಂತಿರಲಿಲ್ಲ. ಅಂಥ ಅನುದಾನವನ್ನು ಮಂಚ, ಶೌಚಾಲಯ, ಸೋಲಾರ್ ಬಿಸಿನೀರಿಗೆ ಇಟ್ಟುಕೊಂಡು, ಸಂಬಳಕ್ಕೆ ಸ್ವಂತ ಆದಾಯ ಹೊಂದಿಸಿಕೊಳ್ಳುವುದು ಕ್ಷೇಮ.

ನಿಮ್ಮ ಮನೆ ಕಂದಾಯದ ರಸೀದಿಯನ್ನೂ ಒಮ್ಮೆ ನೋಡಿ. ಆರೋಗ್ಯ ಕರ, ಗ್ರಂಥಾಲಯ ಕರದ ಜತೆಗೇ ಭಿಕ್ಷುಕರ ಕರ ಎಂದು ಇರುತ್ತದೆ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಂತೆ ಆಸ್ತಿ ತೆರಿಗೆಯ ಮೇಲೆ ಶೇ 3. ಎರಡು ಸಾವಿರ ತೆರಿಗೆ ಕಟ್ಟುವವರು 60 ರೂಪಾಯಿ ಕೊಡುತ್ತಿದ್ದಾರೆ. ಅದು ಊರಲ್ಲಿ ಉಳಿಯುವುದಿಲ್ಲ, ಕೇಂದ್ರ ಪರಿಹಾರ ಸಮಿತಿಗೆ ಹೋಗಿ ನಿರಾಶ್ರಿತರ ಪರಿಹಾರ ಕೇಂದ್ರಗಳಿಗೆ ಬಳಕೆಯಾಗುತ್ತದೆ. ಆ ಹಣವನ್ನು ನೀವು ಕೈಹಾಕಿ ತೆಗೆದುಕೊಳ್ಳುವ ಹಾಗಿಲ್ಲ. ಪರಿಹಾರ ಕೇಂದ್ರವೂ ಆಶ್ರಯ ಕೇಂದ್ರವೂ ಒಂದೇ ಅಲ್ಲ. ಅಲ್ಲಿಗೆ ಹಿಡಿದು ಕರೆದೊಯ್ಯುತ್ತಾರೆ, ಇಲ್ಲಿಗೆ ತಾವಾಗಿ ಬರುತ್ತಾರೆ. "ಬೇರೆ ಊರಿನವರಿಗೆ ನಾವ್ಯಾಕೆ ಕೊಡಬೇಕು?" ಎಂದು ಸಭೆಯಲ್ಲಿ ಯಾರಾದರೂ ಎದ್ದು ನಿಂತರೆ ಆ ರಸೀದಿ ತೋರಿಸಿ. ಎಲ್ಲ ಊರಿನವರೂ ಸೇರಿ ಕೊಡುವ ಪದ್ಧತಿ ಐವತ್ತು ವರ್ಷದಿಂದ ಇದ್ದೇ ಇದೆ.

ಇನ್ನು ಪಾಲು. ಒಂದು ಲೆಕ್ಕ ಮಾಡಿ ನೋಡೋಣ. 60 ಸಾವಿರ ಜನರ ಒಂದು ನಗರಸಭೆ, 25 ಸಾವಿರದ ಪುರಸಭೆ, 15 ಸಾವಿರದ ಪಟ್ಟಣ ಪಂಚಾಯಿತಿ. ಕೂಡಿದರೆ ಸರಿಯಾಗಿ ಒಂದು ಲಕ್ಷ. ವರ್ಷದ ಖರ್ಚು 12 ಲಕ್ಷ ಎಂದಿಟ್ಟುಕೊಳ್ಳಿ. ಜನಸಂಖ್ಯೆ ಪ್ರಕಾರ ಹಂಚಿದರೆ ನಗರಸಭೆಗೆ 7.20 ಲಕ್ಷ, ಪುರಸಭೆಗೆ 3 ಲಕ್ಷ, ಪಟ್ಟಣ ಪಂಚಾಯಿತಿಗೆ 1.80 ಲಕ್ಷ. ತಿಂಗಳಿಗೆ 15 ಸಾವಿರ ರೂಪಾಯಿ ಎಂದರೆ ಎಷ್ಟು ಸಣ್ಣ ಪಂಚಾಯಿತಿಯೂ ಉಸಿರು ಬಿಗಿಹಿಡಿಯಬೇಕಾದ ಮೊತ್ತವಲ್ಲ. ಕಟ್ಟಡ, ನೀರು, ಕಸ ವಿಲೇವಾರಿ ಹೊತ್ತುಕೊಳ್ಳುವ ಊರಿಗೆ ನಗದು ಪಾಲಿನಲ್ಲಿ ಸ್ವಲ್ಪ ರಿಯಾಯಿತಿ ಕೊಡುವುದು ನ್ಯಾಯ.

ಇನ್ನೊಂದು ದಾರಿಯನ್ನೂ ಯಾರಾದರೂ ಹೇಳಿಯೇ ಹೇಳುತ್ತಾರೆ: "ಯಾರ ಊರಿನವರು ಎಷ್ಟು ರಾತ್ರಿ ಮಲಗಿದರೋ ಅಷ್ಟಕ್ಕೆ ಆ ಊರು ಬಿಲ್ಲು ಕೊಡಲಿ." ಕೇಳಲು ಸರಿಯಾಗಿಯೇ ಇದೆ. ದಯವಿಟ್ಟು ಒಪ್ಪಬೇಡಿ. ತಲೆಗಿಷ್ಟು ಎಂದು ಗೊತ್ತಾದ ದಿನವೇ ಪ್ರತಿ ಊರೂ "ಇವ ನಮ್ಮೋನಲ್ಲ" ಎನ್ನಲು ಶುರುಮಾಡುತ್ತದೆ. ನೋಡಿಕೊಳ್ಳುವವರ ಕೆಲಸ ಹಾಸಿಗೆ ಹಾಸುವುದು ಹೋಗಿ ಊರು ಪತ್ತೆ ಮಾಡುವುದಾಗುತ್ತದೆ. ಬಸ್ ಟಿಕೆಟ್ ವಾಪಸ್ ಬಂತು ಅಂತಲೇ ಲೆಕ್ಕ. ಪಾಲು ಜನಸಂಖ್ಯೆಯ ಮೇಲೆ ನಿಗದಿಯಾಗಲಿ, ಯಾರು ಬಂದರೂ ಬಾರದಿದ್ದರೂ ಅಷ್ಟೇ ಇರಲಿ. ಹಣ ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಎರಡು ಕಂತು, ಮುಂಗಡವಾಗಿ. ಖರ್ಚಾದ ಮೇಲೆ ಕೊಡುತ್ತೇವೆ ಎಂದರೆ ನಡೆಸುವ ಸಂಸ್ಥೆಯವರು ಮಾರ್ಚ್‌ವರೆಗೆ ಸಾಲದಲ್ಲಿ ಅಕ್ಕಿ ತರಬೇಕು.

ಕಾಗದ

ಬಾಯಿಮಾತು ಅಧಿಕಾರಿಯ ವರ್ಗಾವಣೆಯ ಜತೆಗೇ ಹೋಗುತ್ತದೆ. ಪ್ರತಿ ಊರಿನ ಸಾಮಾನ್ಯ ಸಭೆಯಲ್ಲೂ ಒಂದೇ ಒಕ್ಕಣೆಯ ಠರಾವು ಆಗಬೇಕು, ನಡಾವಳಿಯಲ್ಲಿ ಮೊತ್ತ ಮತ್ತು ಲೆಕ್ಕಶೀರ್ಷಿಕೆ ಎರಡೂ ಬರಬೇಕು. ಚುನಾಯಿತ ಮಂಡಳಿ ಇಲ್ಲದ ಕಡೆ ಆಡಳಿತಾಧಿಕಾರಿಯ ಆದೇಶ ಬೇಕು. "ವ್ಯಾಪ್ತಿ ಮೀರಿ ವೆಚ್ಚ" ಎಂದು ಆಡಿಟ್ ಆಕ್ಷೇಪ ಬರುವ ಸಾಧ್ಯತೆ ಇದ್ದೇ ಇದೆ. ಅದಕ್ಕೇ ಠರಾವಿನಲ್ಲಿ "ಬೇರೆ ಊರಿನ ಕೇಂದ್ರಕ್ಕೆ ಸಹಾಯಧನ" ಎಂದು ಬರೆಯದೆ "ನಮ್ಮ ಪಟ್ಟಣದ ವಸತಿರಹಿತರಿಗೆ ಜಂಟಿ ಸೇವೆ ಪಡೆಯಲು" ಎಂದು ಬರೆಸಿ. ಜಿಲ್ಲಾ ನಗರಾಭಿವೃದ್ಧಿ ಕೋಶದ ಮೂಲಕ ಜಿಲ್ಲಾಧಿಕಾರಿಗಳ, ಪೌರಾಡಳಿತ ನಿರ್ದೇಶನಾಲಯದ ಒಪ್ಪಿಗೆ ಮೊದಲೇ ಪಡೆದುಕೊಳ್ಳಿ. ನಗರದ ಬಡತನ ನಿವಾರಣೆ ಸಂವಿಧಾನದ 12ನೇ ಅನುಸೂಚಿಯಲ್ಲೇ, ಅಂದರೆ ನಗರ ಸ್ಥಳೀಯ ಸಂಸ್ಥೆಗಳ ಕೆಲಸಗಳ ಪಟ್ಟಿಯಲ್ಲೇ ಇದೆ. ಪಂಚಾಯಿತಿ ಮತ್ತು ಪಟ್ಟಣಗಳ ಯೋಜನೆಗಳನ್ನು ಕೂಡಿಸುವುದು 243 ಝಡ್‌ಡಿ ವಿಧಿಯಂತೆ ಜಿಲ್ಲಾ ಯೋಜನಾ ಸಮಿತಿಯ ಕೆಲಸ. ಹೆದ್ದಾರಿ ಬದಿಯ ಗ್ರಾಮ ಪಂಚಾಯಿತಿಗಳನ್ನು ಸೇರಿಸಿಕೊಳ್ಳಲು ಅದೇ ಬಾಗಿಲು.

ಬಿಟ್ಟುಹೋಗುವ ಷರತ್ತನ್ನು ಮರೆಯಬೇಡಿ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ನಗರ ಮತ್ತು ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಎರಡೂ ಸೇರಿ 1993ರಲ್ಲಿ ವಸತಿರಹಿತರಿಗಾಗಿ ಜಂಟಿ ಪ್ರಾಧಿಕಾರ ಮಾಡಿಕೊಂಡವು. ಲೆಕ್ಕಪತ್ರದ ತಕರಾರು ಬೆಳೆದು 2025ರ ಏಪ್ರಿಲ್‌ನಲ್ಲಿ ಕೌಂಟಿ ತನ್ನ ಹಣ ಹಿಂತೆಗೆದುಕೊಳ್ಳಲು ನಿರ್ಧರಿಸಿತು. ಅಷ್ಟು ದೊಡ್ಡವರಿಗೇ ಹೀಗಾದರೆ ನಮ್ಮ ಮೂರು ಪೇಟೆಗಳು ಎಷ್ಟರವು? ಹೊರಹೋಗುವ ಊರು ಒಂದು ಪೂರ್ತಿ ಆರ್ಥಿಕ ವರ್ಷ ಮುಂಚೆ ತಿಳಿಸಬೇಕು, ಅಲ್ಲಿಯವರೆಗೆ ಪಾಲು ಕಟ್ಟಬೇಕು ಎಂದು ಒಡಂಬಡಿಕೆಯಲ್ಲಿ ಬರೆಯಿರಿ. ಮೂರು ತಿಂಗಳಿಗೊಮ್ಮೆ ಲೆಕ್ಕವನ್ನು ಕೇಂದ್ರದ ಗೋಡೆಗೇ ಅಂಟಿಸಿ.

ನಡೆಸುವವರು

ಮಾರ್ಗಸೂಚಿಯಲ್ಲಿ ಆಶ್ರಯ ನಿರ್ವಹಣಾ ಸಮಿತಿ ಎಂದಿದೆ. ಅದರಲ್ಲಿ ಪ್ರತಿ ಊರಿನಿಂದ ಒಬ್ಬರು, ಅಲ್ಲೇ ಮಲಗುವವರಲ್ಲಿ ಇಬ್ಬರು ಇರಲಿ. ಇಂದಿರಾ ಕ್ಯಾಂಟೀನ್ ಇರುವ ಊರಾದರೆ ಅಡುಗೆಮನೆಯ ತಲೆನೋವು ಅರ್ಧ ಕಡಿಮೆ, ತಿಂಡಿಗೆ 5 ರೂಪಾಯಿ, ಊಟಕ್ಕೆ 10.

ಹಾಸಿಗೆಗಿಂತ ಮುಖ್ಯವಾಗಿ ಕೇಂದ್ರದಿಂದ ಸಿಗಬೇಕಾದದ್ದು ಒಂದು ವಿಳಾಸ. ಪಿಂಚಣಿ, ಪಡಿತರ ಎಲ್ಲ ಆಮೇಲೆ ಅದರ ಹಿಂದೆಯೇ ಬರುತ್ತವೆ. ಮತದಾರರ ಪಟ್ಟಿಗಂತೂ ವಿಳಾಸದ ದಾಖಲೆಯೂ ಬೇಡ. ವಸತಿರಹಿತರು ಹೆಸರು ಸೇರಿಸುವ ಅರ್ಜಿ, ಅಂದರೆ ನಮೂನೆ 6 ಕೊಟ್ಟರೆ ಮತಗಟ್ಟೆ ಅಧಿಕಾರಿ ರಾತ್ರಿ ಹೊತ್ತು ಬಂದು ಅವರು ಅಲ್ಲೇ ಮಲಗುತ್ತಾರೆಯೇ ಎಂದು ನೋಡಿಕೊಂಡು ಹೋಗಬೇಕು ಎಂಬುದು ಚುನಾವಣಾ ಆಯೋಗದ ಕ್ರಮ. ಮಾನಸಿಕ ಅಸ್ವಸ್ಥರು ಸಿಕ್ಕರೆ ಕೇಂದ್ರದಲ್ಲಿ ಸುಮ್ಮನೆ ಇಟ್ಟುಕೊಳ್ಳಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಪೊಲೀಸರು ಅವರನ್ನು ಲಾಕಪ್ಪಿನಲ್ಲಿ ಕೂರಿಸದೆ 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು, ಮನೆಯವರನ್ನು ಹುಡುಕುವ ಹೊಣೆಯೂ ಠಾಣೆಯದೇ.

ಕೊನೆಗೆ, ಗಾಡಿ

ಬಯಲುಸೀಮೆಯಲ್ಲಿ ಇದನ್ನು ಹೇಳಬೇಕಾಗಿರಲಿಲ್ಲ. ಇಲ್ಲಿ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಅರವತ್ತು ಕಿಲೋಮೀಟರ್ ದಾಟುತ್ತದೆ, ರಾತ್ರಿ ಕೊನೆಯ ಬಸ್ಸು ಹೋದ ಮೇಲೆ ಸಿಕ್ಕವರನ್ನು ಕರೆತರುವುದು ಯಾರು? ಜಂಟಿ ನಿಧಿಯಲ್ಲಿ ಡೀಸೆಲ್ಲಿಗೆ, ಚಾಲಕನ ರಾತ್ರಿ ಭತ್ಯೆಗೆ ಬೇರೆ ಸಾಲು ಇಡಿ. ಪ್ರತಿ ಊರಿನಲ್ಲೂ ಫೋನ್ ಎತ್ತುವ ಒಬ್ಬರ ನಂಬರನ್ನು ಬಸ್ ನಿಲ್ದಾಣದ ಕಂಟ್ರೋಲರ್ ಮೇಜಿನ ಮೇಲೆ ಬರೆದಿಡಿ. ಬೆಳಗಿನವರೆಗೆ ಕಾಯುವುದಾದರೆ ಆ ಊರಲ್ಲೇ ನಾಲ್ಕು ಮಂಚ, ಎಂಟು ಕಂಬಳಿ ಇರುವ ಒಂದು ಕೋಣೆ ಸಾಕು.

ಗಾಡಿಯ ಲಾಗ್‌ಬುಕ್ಕಿಗೆ ಗೆರೆ ಹಾಕುವಾಗ ಒಂದು ಕಾಲಂ ಬಗ್ಗೆ ಜಗಳ ಬರುತ್ತದೆ. "ಯಾವ ಊರಿನವರು" ಎಂದು ಬರೆಯಬೇಡಿ. "ಎಲ್ಲಿ ಹತ್ತಿಸಿಕೊಂಡಿದ್ದು" ಎಂದು ಬರೆಯಿರಿ.