ಡ್ರಾಯರ್‌ನಲ್ಲಿ ಕೂತಿರುವ ಹಳೆ ಫೋನು, ಬ್ಯಾಟರಿ, ಟ್ಯೂಬ್‌ಲೈಟ್: ಮನೆಯಿಂದ ಕಳಿಸುವುದು ಹೇಗೆ?

ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ವರ್ಷಕ್ಕೆರಡು ಸಲ ಇ-ತ್ಯಾಜ್ಯ ಸಂಗ್ರಹ ಮಾಡುತ್ತೇವೆ. ಕಳೆದ ಸಲ ಒಬ್ಬರು ಒಂದು ಬಿಸ್ಕತ್ ಡಬ್ಬಿ ತಂದು ಮೇಜಿನ ಮೇಲಿಟ್ಟರು. ಎತ್ತಿಕೊಂಡರೆ ಡಬ್ಬಿ ಬೆಚ್ಚಗಿತ್ತು. ಮುಚ್ಚಳ ತೆಗೆದಾಗ ಕಾರಣ ಗೊತ್ತಾಯಿತು. ಚೌಕದ 9 ವೋಲ್ಟ್ ಬ್ಯಾಟರಿಯೊಂದರ ಎರಡೂ ತುದಿಗೆ ತಾಗಿಕೊಂಡು ಒಂದು ಬೀಗದ ಕೈ ಬಿದ್ದಿತ್ತು, ಅದರ ಮೂಲಕ ಕರೆಂಟ್ ಹರಿದು ಬ್ಯಾಟರಿ ಬಿಸಿಯಾಗಿತ್ತು. ಪಕ್ಕದಲ್ಲೇ ಹಳೆ ಫೋನ್ ಬ್ಯಾಟರಿಗಳು, ಮಡಚಿದ ಬಿಲ್ಲುಗಳು. ತಂದವರು ತುಂಬಾ ಜವಾಬ್ದಾರಿಯ ಮನುಷ್ಯ, ಕಸ ವಿಂಗಡಿಸುವುದರಲ್ಲಿ ನಮಗೆಲ್ಲ ಮುಂದು. ಅವರಿಗೇ ಇದು ಗೊತ್ತಿರಲಿಲ್ಲ ಎಂದರೆ ಬರೆಯಲೇಬೇಕು ಅನಿಸಿತು.

ಮೊದಲು: ಎಲ್ಲವನ್ನೂ ಒಂದು ಕಡೆ ತನ್ನಿ

ಫೋನಿನಿಂದ ಸಿಮ್, ಮೆಮೊರಿ ಕಾರ್ಡ್ ತೆಗೆಯಿರಿ. ಫೋಟೊ ಉಳಿಸಿಕೊಂಡು ಫ್ಯಾಕ್ಟರಿ ರೀಸೆಟ್ ಮಾಡಿ. ಚಾರ್ಜರ್, ವೈರು, ಕೀಬೋರ್ಡ್, ಕೆಟ್ಟ ಮಿಕ್ಸಿ ಎಲ್ಲ ಒಂದು ರಟ್ಟಿನ ಪೆಟ್ಟಿಗೆಗೆ ಹಾಕಿ. ಇಷ್ಟೇ.

ಯಾವುದನ್ನೂ ಬಿಚ್ಚಬೇಡಿ, ಒಡೆಯಬೇಡಿ. ತಾಮ್ರ ಸಿಗುತ್ತದೆ ಎಂದು ವೈರು ಸುಡುವುದನ್ನು ನೋಡಿದ್ದೇನೆ. ಆ ಪ್ಲಾಸ್ಟಿಕ್ ಹೊಗೆಯಲ್ಲಿ ಡಯಾಕ್ಸಿನ್ ಎಂಬ ವಿಷ ಇರುತ್ತದೆ. ಸುಡುವವರ ಮಕ್ಕಳೇ ಅದನ್ನು ಮೊದಲು ಉಸಿರಾಡುವುದು.

ಎರಡನೆಯದು: ಬ್ಯಾಟರಿ ಬೇರೆ ಮಾಡಿ

ಜಾಸ್ತಿ ಜನ ಎಡವುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಓದಿ.

ಕೈಗೆ ಸುಲಭವಾಗಿ ಬರುವ ಬ್ಯಾಟರಿಯನ್ನು ಮಾತ್ರ ತೆಗೆಯಿರಿ. ಈಗಿನ ಫೋನುಗಳಲ್ಲಿ ಬ್ಯಾಟರಿಯನ್ನು ಅಂಟಿಸಿರುತ್ತಾರೆ. ಚಾಕು ಹಾಕಿ ಎಬ್ಬಿಸಲು ಹೋದರೆ ಲಿಥಿಯಂ ಬ್ಯಾಟರಿ ತೂತಾಗುತ್ತದೆ, ಕ್ಷಣದಲ್ಲಿ ಬೆಂಕಿ ಬರುತ್ತದೆ. ಅಂಥ ಫೋನನ್ನು ಇದ್ದ ಹಾಗೇ ಕೊಡಿ.

ಹೊರಬಂದ ಪ್ರತಿ ಬ್ಯಾಟರಿಯ ಲೋಹದ ತುದಿಗಳನ್ನು ಟೇಪ್‌ನಿಂದ ಮುಚ್ಚಿ. ಫೋನ್ ಬ್ಯಾಟರಿಗೆ ಹಳದಿ ಬಣ್ಣದ ಸಣ್ಣ ಪಟ್ಟಿಗಳಿರುತ್ತವೆ, ಅವುಗಳ ಮೇಲೆ ಒಂದು ತುಂಡು ಸಾಕು. 9 ವೋಲ್ಟ್‌ನದಕ್ಕೆ ಎರಡೂ ಲೋಹದ ಗುಂಡಿ ಮುಚ್ಚಬೇಕು. ನಾಣ್ಯದಂಥ ಸಣ್ಣ ಬಟನ್ ಸೆಲ್‌ಗೆ ಸುತ್ತಲೂ ಟೇಪ್ ಹಾಕಿ, ಕೂಡಲೇ ಎತ್ತರದಲ್ಲಿಡಿ. ಮಕ್ಕಳು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು. ರಿಮೋಟ್ ಸೆಲ್‌ಗಳಲ್ಲಿ ಅಪಾಯ ಕಡಿಮೆ. ಎಲ್ಲದರ ತಲೆ ಒಂದೇ ಕಡೆ ಬರುವಂತೆ ಜೋಡಿಸಿಟ್ಟರೆ ನಡೆಯುತ್ತದೆ.

ಪಾರದರ್ಶಕ ಟೇಪ್ ಬಳಸಿ, ಬೇರೆ ಬೇಡ. ಬಣ್ಣದ ಟೇಪ್ ಸುತ್ತಿದರೆ ಒಳಗಿರುವುದು ಯಾವ ಬಗೆಯ ಬ್ಯಾಟರಿ ಎಂದು ಬೇರ್ಪಡಿಸುವವರಿಗೆ ತಿಳಿಯುವುದಿಲ್ಲ. ಪೇಂಟಿಂಗ್‌ನವರು ಬಳಸುವ ಕಾಗದದ ಟೇಪ್ ಅಂತೂ ನಾಲ್ಕೇ ದಿನಕ್ಕೆ ಕಿತ್ತು ಬರುತ್ತದೆ. ಡಬ್ಬಿ ಪ್ಲಾಸ್ಟಿಕ್‌ನದಾಗಿರಲಿ. ಬಿಸ್ಕತ್ತಿನ ತಗಡಿನ ಡಬ್ಬಿ ಬೇಡ, ಅದರಲ್ಲೂ ಕರೆಂಟ್ ಹರಿಯುತ್ತದೆ.

ಇನ್ನು ಊದಿಕೊಂಡ ಬ್ಯಾಟರಿ. ಫೋನಿನ ಹಿಂಬದಿ ಉಬ್ಬಿ ಸ್ಕ್ರೀನ್ ಮೇಲೆದ್ದಿದ್ದರೆ ಒಳಗೆ ಗ್ಯಾಸ್ ತುಂಬಿದೆ ಎಂದರ್ಥ. ಮತ್ತೆ ಚಾರ್ಜಿಗೆ ಹಾಕಬೇಡಿ. ಒತ್ತಬೇಡಿ, ಸೂಜಿ ಚುಚ್ಚಿ ಗಾಳಿ ಬಿಡುವ ಪ್ರಯತ್ನವಂತೂ ಬೇಡವೇ ಬೇಡ. ಒಂದು ಹಳೆ ಮಣ್ಣಿನ ಮಡಕೆಗೆ ಒಣ ಮರಳು ಹಾಕಿ, ಅದರಲ್ಲಿ ಹೂತಿಡಿ. ಮೇಲೆ ಬಿಗಿಯಾದ ಮುಚ್ಚಳ ಬೇಡ. ಮಡಕೆಯನ್ನು ಬಾಲ್ಕನಿಯ ನೆರಳಲ್ಲಿಟ್ಟು, ಸಂಗ್ರಹದ ದಿನಕ್ಕೆ ಕಾಯದೆ ಅದೇ ವಾರ ತಲುಪಿಸಿ (ಯಾರಿಗೆ ಎಂಬುದು ನಾಲ್ಕನೆಯ ಭಾಗದಲ್ಲಿದೆ).

ಫುಟ್‌ಪಾತ್‌ನಲ್ಲಿ ಮಾರುವ ಅಗ್ಗದ ಪವರ್ ಬ್ಯಾಂಕ್‌ಗಳೇ ಬೇಗ ಊದಿಕೊಳ್ಳುವುದು. ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಗುರುತು, ಅದರ ಕೆಳಗೆ 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇಲ್ಲದ್ದನ್ನು ಕೊಳ್ಳಲೇಬೇಡಿ.

ಯುಪಿಎಸ್ ಬ್ಯಾಟರಿಯ ದಾರಿ ಬೇರೆ. ಅದರ ತೂಕದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಸೀಸ. ಹೊಸದು ತರುವಾಗ ಹಳೆಯದನ್ನು ಡೀಲರ್‌ಗೇ ಕೊಟ್ಟು, ಬಿಲ್‌ನಲ್ಲಿ ಅದರ ಬೆಲೆ ಕಳೆಸಿಕೊಳ್ಳಿ. ಬೀದಿಯಲ್ಲಿ ಬಂದವರಿಗೆ ಇನ್ನೂರು ರೂಪಾಯಿ ಜಾಸ್ತಿ ಎಂದು ಕೊಟ್ಟರೆ ಆಸಿಡ್ ಮೋರಿಗೆ ಹೋಗುತ್ತದೆ, ಸೀಸ ಯಾರದೋ ಹಿತ್ತಲಿನಲ್ಲಿ ಕರಗುತ್ತದೆ. ಅದು 327 ಡಿಗ್ರಿಗೇ ಕರಗುವ ಲೋಹ, ಸೌದೆ ಒಲೆ ಸಾಕು. ಅದರ ಹೊಗೆ ಮತ್ತು ದೂಳು ಸುತ್ತಲಿನ ಮಣ್ಣಿಗೆ ಸೇರಿದರೆ ತಾನಾಗಿ ಹೋಗುವುದಿಲ್ಲ. 2000ದಲ್ಲಿ ದೇಶದ ಪೆಟ್ರೋಲ್‌ನಿಂದ ಸೀಸ ತೆಗೆದದ್ದು ಮಕ್ಕಳ ಮಿದುಳಿಗೆ ಅದು ಮಾಡುವ ಹಾನಿ ನೋಡಿಯೇ. ಇಷ್ಟು ಸೀಸವಾದರೆ ಪರವಾಗಿಲ್ಲ ಎನ್ನುವ ಮಿತಿ ಮಕ್ಕಳ ದೇಹಕ್ಕೆ ಇಲ್ಲ.

ಮೂರನೆಯದು: ಟ್ಯೂಬ್‌ಲೈಟ್, ಸಿಎಫ್‌ಎಲ್

ಇವುಗಳಲ್ಲಿ ಪಾದರಸ ಇದೆ. ಒಂದು ಬಲ್ಬಿನಲ್ಲಿ ಕೆಲವೇ ಮಿಲಿಗ್ರಾಂ. ಆದರೆ ಒಡೆದ ತಕ್ಷಣ ಆವಿಯಾಗಿ ಕೋಣೆ ತುಂಬುತ್ತದೆ. ಹೊಸ ಬಲ್ಬಿನ ರಟ್ಟಿನ ಕವರ್‌ನಲ್ಲೇ ಹಳೆಯದನ್ನು ಹಾಕಿ, ನಿಲ್ಲಿಸಿ ಇಡಿ. ಎಲ್‌ಇಡಿಯಲ್ಲಿ ಪಾದರಸವಿಲ್ಲ, ಅದನ್ನು ಉಳಿದ ವಸ್ತುಗಳ ಪೆಟ್ಟಿಗೆಗೆ ಹಾಕಬಹುದು.

ಒಡೆದರೆ? ಫ್ಯಾನ್, ಎಸಿ ಆರಿಸಿ, ಕಿಟಕಿ ತೆರೆದು, ಎಲ್ಲರೂ ಹತ್ತು ನಿಮಿಷ ಹೊರಗಿರಿ. ಪೊರಕೆ ಮುಟ್ಟಬೇಡಿ, ಪುಡಿಯೆಲ್ಲ ಮನೆಗೆ ಹರಡುತ್ತದೆ. ಹಳೆ ಲಗ್ನಪತ್ರಿಕೆಯಂಥ ಗಟ್ಟಿ ಕಾಗದದಿಂದ ಚೂರು ಒಟ್ಟುಮಾಡಿ, ಬಿಳಿ ಪುಡಿಯನ್ನು ಟೇಪ್‌ಗೆ ಅಂಟಿಸಿ ತೆಗೆಯಿರಿ. ಎಲ್ಲವನ್ನೂ ಮುಚ್ಚಳವಿರುವ ಗಾಜಿನ ಬಾಟಲಿಗೆ ಹಾಕಿ. ಉಪ್ಪಿನಕಾಯಿ ಬಾಟಲಿ ಚೆನ್ನಾಗಿ ಆಗುತ್ತದೆ.

ನಾಲ್ಕನೆಯದು: ಯಾರಿಗೆ ಕೊಡುವುದು

ಗುಜರಿಯವರ ಮೇಲೆ ನನಗೆ ಸಿಟ್ಟಿಲ್ಲ. ಪೇಪರ್, ಕಬ್ಬಿಣವನ್ನು ಅವರಷ್ಟು ಚೆನ್ನಾಗಿ ಯಾರೂ ವಿಂಗಡಿಸುವುದಿಲ್ಲ. ಆದರೆ ಫೋನು, ಕಂಪ್ಯೂಟರ್ ಒಳಗಿನ ಸರ್ಕ್ಯೂಟ್ ಬೋರ್ಡು ಅವರ ಕೈಯಿಂದ ಎಲ್ಲಿಗೆ ಹೋಗುತ್ತದೆ ಎಂಬುದು ಮುಖ್ಯ. ಉತ್ತರ ಪ್ರದೇಶದ ಮೊರಾದಾಬಾದ್‌ನಲ್ಲಿ ಬೋರ್ಡು ಸುಟ್ಟ ಕಪ್ಪು ಬೂದಿಯನ್ನು ರಾಮಗಂಗಾ ನದಿಯ ದಡದಲ್ಲೇ ಸುರಿಯುತ್ತಿದ್ದರು. 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಮಧ್ಯ ಪ್ರವೇಶಿಸಬೇಕಾಯಿತು.

ಮನೆಯಲ್ಲೇ ಬೋರ್ಡಿಗೆ ಆಸಿಡ್ ಹಾಕಿ ಚಿನ್ನ ತೆಗೆಯುವ ವಿಡಿಯೊಗಳು ಬರುತ್ತಿವೆ ಅಲ್ವಾ? ದಯವಿಟ್ಟು ಅತ್ತ ಹೋಗಬೇಡಿ. ಆ ಆಸಿಡ್‌ನಿಂದ ಏಳುವ ಕಂದು ಹೊಗೆ ಶ್ವಾಸಕೋಶ ಹಾಳುಮಾಡುತ್ತದೆ, ಉಳಿದ ನೀರು ಬಚ್ಚಲಿನಿಂದ ಕೆರೆಗೆ ಹೋಗುತ್ತದೆ. ಒಂದು ಫೋನಿನಲ್ಲಿರುವ ಚಿನ್ನ ಒಂದು ಗ್ರಾಮಿನ ನೂರರಲ್ಲಿ ಮೂರು ಪಾಲಿನಷ್ಟು.

ರಾಶಿ ಸೇರಿದರೆ ಮಾತ್ರ ಲೆಕ್ಕ ಬೇರೆ. ಕೋಲಾರದ ಗಣಿ 2001ರಲ್ಲಿ ಮುಚ್ಚುವ ಹೊತ್ತಿಗೆ ಒಂದು ಟನ್ ಅದಿರಿನಲ್ಲಿ ಸಿಗುತ್ತಿದ್ದದ್ದು ಸುಮಾರು ಮೂರು ಗ್ರಾಂ. ಒಂದು ಟನ್ ಹಳೆ ಮೊಬೈಲ್‌ಗಳಲ್ಲಿ ಅದರ ಹತ್ತಾರು ಪಟ್ಟು ಇರುತ್ತದೆ. ಟೋಕಿಯೊ ಒಲಿಂಪಿಕ್ಸ್‌ಗೆ ಜಪಾನಿನ ಜನ 62 ಲಕ್ಷಕ್ಕೂ ಹೆಚ್ಚು ಹಳೆ ಫೋನುಗಳನ್ನು, ಜೊತೆಗೆ ಇತರ ಉಪಕರಣಗಳನ್ನು ಕೊಟ್ಟರು. ಅವುಗಳಿಂದ 32 ಕಿಲೊ ಚಿನ್ನ ಬಂತು. ನೀರಜ್ ಚೋಪ್ರಾ ಕೊರಳಿಗೆ ಬಿದ್ದ ಪದಕದ ಲೋಹ ಅದೇ.

ಹೀಗೆ ಲೋಹ ತೆಗೆಯುವ ಕೆಲಸ ನಮ್ಮಲ್ಲೂ ಇದೆ. ಬೆಂಗಳೂರಿನ ಹೊರಗೆ ದಾಬಸ್‌ಪೇಟೆಯ ಇ-ಪರಿಸರ ಎಂಬ ಕಂಪನಿ ಈ ಕೆಲಸ ಶುರುಮಾಡಿದ್ದು 2005ರಲ್ಲಿ. ಈಗ ಇನ್ನೂ ಹಲವರು ಇದ್ದಾರೆ. ಅನುಮತಿ ಇರುವವರ ಪಟ್ಟಿ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಬಳಿ ಸಿಗುತ್ತದೆ. ಒಬ್ಬರಿಗಾಗಿ ವ್ಯಾನ್ ಬರುವುದು ಕಷ್ಟ. ನಿಮ್ಮ ಬೀದಿಯ ಹತ್ತು ಮನೆ ಸೇರಿಸಿ ಫೋನ್ ಮಾಡಿ.

ವ್ಯಾನ್ ಬಂದಾಗ ಎರಡು ಕೆಲಸ. ಟೇಪ್ ಹಾಕಿದ ಬ್ಯಾಟರಿ ಡಬ್ಬಿ, ಟ್ಯೂಬ್‌ಲೈಟ್, ಉಳಿದ ಪೆಟ್ಟಿಗೆ ಎಲ್ಲವನ್ನೂ ಬೇರೆ ಬೇರೆಯಾಗಿ ಕೈಗೆ ಕೊಡಿ, ಒಟ್ಟಿಗೆ ಸುರಿಯಲು ಬಿಡಬೇಡಿ. ಆಮೇಲೆ ತೂಕ ಬರೆದ ರಸೀದಿ ಕೇಳಿ. ರಸೀದಿಯಲ್ಲಿ ಮಂಡಳಿಯ ಅನುಮತಿ ಸಂಖ್ಯೆ ಇಲ್ಲದಿದ್ದರೆ ಸಾಮಾನು ವಾಪಸ್ ಇಳಿಸಿಕೊಳ್ಳಿ.