ಹಳೇ ಗ್ಯಾಸ್ಕೆಟ್ ಮತ್ತೆ ಹಾಕಬಹುದಾ? ಬೋಲ್ಟ್ ಎಷ್ಟು ಬಿಗಿ ಮಾಡಬೇಕು?

ಕಾರು ನಿಲ್ಲಿಸುವ ಜಾಗದಲ್ಲಿ ಫರ್ಶಿ ಮೇಲೆ ಎಣ್ಣೆ ಕಲೆ ಕಂಡಿತು ಅಂದ್ರೆ ಮೊದಲ ಅನುಮಾನ ಗ್ಯಾಸ್ಕೆಟ್, ಅಂದರೆ ಇಂಜಿನ್ ಭಾಗಗಳ ನಡುವೆ ಕೂರಿಸುವ ಪ್ಯಾಕಿಂಗ್ ಮೇಲೆಯೇ. ಗ್ಯಾರೇಜಿಗೆ ಹೋದರೆ ನಮ್ಮ ಕಲಬುರಗಿ ಮಿಸ್ತ್ರಿ ಹೇಳುವ ಮಾತು ಸಾಮಾನ್ಯವಾಗಿ ಒಂದೇ: "ಹಳೇ ಪ್ಯಾಕಿಂಗೇ ನಡೀತದ ಬಿಡ್ರಿ, ಸ್ವಲ್ಪ ಅನಾಬಾಂಡ್ ಪೇಸ್ಟ್ ಹಚ್ಚಿ ಕೂಡಿಸ್ತೀನಿ." ಕೆಲವು ಕಡೆ ಇದು ನಿಜವಾಗಿಯೂ ನಡೆಯುತ್ತದೆ. ಕೆಲವು ಕಡೆ ಮಾತ್ರ ಇಂಜಿನ್ನೇ ಕೈಕೊಡುತ್ತದೆ. ಯಾವುದು ಎಲ್ಲಿ ಅಂತ ಕಾರಿನ ಮಾಲೀಕರಿಗೂ ಗೊತ್ತಿರಬೇಕು. ಇನ್ನೊಂದು ಮಾತು. ರಿಪೇರಿ ಆದಮೇಲೂ ಸೋರಿದರೆ ನಾವು ಗ್ಯಾಸ್ಕೆಟ್ಟನ್ನು ಬೈಯುತ್ತೇವೆ, ಆದರೆ ಬಹಳ ಸಲ ಬೋಲ್ಟ್ ಬಿಗಿ ಮಾಡಿದ ಕೈಯದೇ ತಪ್ಪು.

ಯಾವುದನ್ನು ಉಳಿಸಿಕೊಳ್ಳಬಹುದು?

ಗ್ಯಾಸ್ಕೆಟ್ ಎರಡು ಲೋಹಗಳ ನಡುವೆ ಕೂತು, ಒತ್ತಿಸಿಕೊಂಡು, ತಾನೂ ವಾಪಸ್ ಒತ್ತುತ್ತದೆ. ಅದಕ್ಕೇ ಎಣ್ಣೆ ಹೊರಗೆ ಬರುವುದಿಲ್ಲ. ಬಿಚ್ಚಿದ ಮೇಲೆ ಮೊದಲಿನ ಆಕಾರಕ್ಕೆ ಮರಳುವಂಥದ್ದನ್ನು ಮತ್ತೆ ಹಾಕಬಹುದು. ಒಮ್ಮೆ ಚಪ್ಪಟೆಯಾಗಿ ಹಾಗೇ ಉಳಿಯುವಂಥದ್ದು ಬೇಡ.

ಈ ಲೆಕ್ಕದಲ್ಲಿ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತು ಅದರ ಮೇಲೆ ಕೂರುವ ಹೆಡ್ ನಡುವಿನದು) ಹಳೇದು ಹಾಕಲೇಬಾರದು, ಚರ್ಚೆಯೇ ಇಲ್ಲ. ಪೇಪರ್, ಕಾರ್ಕ್, ಸೈಲೆನ್ಸರ್ ಕಡೆಯ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಕೂಡ ಹಾಗೆಯೇ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರು ನಮ್ಮದು. ಅದರಲ್ಲೂ ಕೂಲಂಟ್ ಬದಲು ಸುಮ್ನೆ ಬೋರ್‌ವೆಲ್ ನೀರು ತುಂಬಿಸಿ ಓಡಿಸುವವರು ಜಾಸ್ತಿ. ಆ ಗಡಸು ನೀರು ರೇಡಿಯೇಟರ್ ಒಳಗೆ ಪದರ ಕಟ್ಟಿ, ಇಂಜಿನ್ ಕಾಯ್ದು, ಕೊನೆಗೆ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಹೊಸದರ ಬೆಲೆಗಿಂತ ಹೆಡ್ ಬಿಚ್ಚಿ ಕೂಡಿಸುವ ಕೂಲಿಯೇ ದೊಡ್ಡದು, ಆ ಕೂಲಿಯನ್ನು ಎರಡು ಸಲ ಯಾಕೆ ಕೊಡಬೇಕು?

ಟ್ಯಾಪೆಟ್ ಕವರ್, ಅಂದರೆ ಹೆಡ್ ಮೇಲಿನ ಮುಚ್ಚಳದ ರಬ್ಬರ್ ಗ್ಯಾಸ್ಕೆಟ್ ವಿಷಯ ಬೇರೆ. ಅದನ್ನು ಬಿಚ್ಚಿ ಕೈಯಲ್ಲಿ ಹಿಡಿದು ನೋಡಿ. ಉಗುರಿನಿಂದ ಒತ್ತಿದರೆ ಗುಳಿ ಬಿದ್ದು ಮೇಲೆ ಬರಬೇಕು. ಬೆರಳಿಗೆ ಸುತ್ತಿ ಬಗ್ಗಿಸಿದರೆ ಹೊರಮೈಯಲ್ಲಿ ಸಣ್ಣ ಬಿರುಕು ಕಾಣಬಾರದು. ಕವರಿಗೆ ತಾಗುವ ಅಂಚು ಉಬ್ಬಿಕೊಂಡೇ ಇದ್ದರೆ ಒಳ್ಳೆಯದು, ಪಟ್ಟಿಯಂತೆ ಸಮತಟ್ಟಾಗಿದ್ದರೆ ಅದರ ಆಯುಷ್ಯ ಮುಗಿಯಿತು. ಪ್ಲಾಸ್ಟಿಕ್ಕಿನ ಹಾಗೆ ಗಟ್ಟಿಯಾಗಿದ್ದರಂತೂ ಮೇಲೆ ಎಷ್ಟು ಪೇಸ್ಟ್ ಹಚ್ಚಿದರೂ ನಿಲ್ಲುವುದಿಲ್ಲ.

ಆಯಿಲ್ ಇಳಿಸುವ ಡ್ರೇನ್ ಬೋಲ್ಟಿನ ವಾಷರ್ ಅಲ್ಯೂಮಿನಿಯಂ ಇದ್ದರೆ ಹೊಸದೇ ಹಾಕಿ, ಅಗ್ಗ. ತಾಮ್ರದ್ದಾದರೆ ಒಂದು ದಾರಿ ಇದೆ. ಒತ್ತಿಸಿಕೊಂಡ ತಾಮ್ರ ಗಟ್ಟಿಯಾಗುತ್ತದೆ, ಕಾಯಿಸಿದರೆ ಮತ್ತೆ ಮೆತ್ತಗಾಗುತ್ತದೆ. ಇಕ್ಕಳದಲ್ಲಿ ಹಿಡಿದು ಮಂದ ಕೆಂಪು ಬರುವವರೆಗೆ ಕಾಯಿಸಿ, ನೀರಿಗೆ ಹಾಕಿ, ಕಪ್ಪು ಪದರ ಉಜ್ಜಿ ತೆಗೆಯಿರಿ. ವಾಷರ್ ತೆಳ್ಳಗಾಗಿರದೆ, ಗೀರು ಬಿದ್ದಿರದೆ ಇದ್ದರೆ ಮತ್ತೆ ನಡೆಯುತ್ತದೆ.

ಕೂಡಿಸುವ ಮೊದಲು

ಬಿಚ್ಚುವ ಮುಂಚೆಯೇ ಇಂಜಿನ್ ಮೇಲಿನ ಧೂಳು ಒರೆಸಿಬಿಡಿ, ನಮ್ಮ ರಸ್ತೆಗಳ ಧೂಳು ಗೊತ್ತಲ್ವಾ, ಅದೆಲ್ಲ ಒಳಗೆ ಬೀಳುತ್ತದೆ. ಹಳೇ ಗ್ಯಾಸ್ಕೆಟ್ ಚೂರು, ಪೇಸ್ಟ್ ಎಲ್ಲ ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ತೆಗೆಯಿರಿ. ಅಲ್ಯೂಮಿನಿಯಂ ಮೇಲೆ ಗ್ರೈಂಡರ್, ಎಮರಿ ಪೇಪರ್ ಬೇಡ. ಅದರ ಪುಡಿ ಎಣ್ಣೆ ಜೊತೆ ಸೇರಿ ಬೇರಿಂಗ್ ತಿನ್ನುತ್ತದೆ. ಪೇಸ್ಟನ್ನು ಕಂಪನಿಯವರು ಹೇಳಿದ ಜಾಗಕ್ಕೆ ಮಾತ್ರ, ತೆಳುವಾಗಿ ಹಚ್ಚಿ. ಹೊರಗೆ ಉಕ್ಕಿದ್ದು ನಮಗೆ ಕಾಣುತ್ತದೆ, ಅಷ್ಟೇ ಒಳಗೂ ಉಕ್ಕಿರುತ್ತದೆ. ಅದು ಕಳಚಿ ಆಯಿಲ್ ಜಾಲರಿಗೆ ಸಿಕ್ಕಿದರೆ ಇಂಜಿನ್ನಿಗೆ ಎಣ್ಣೆಯೇ ಏರುವುದಿಲ್ಲ.

ಬೋಲ್ಟ್ ಕೂರುವ ತೂತಿನಲ್ಲಿ ನೀರು, ಎಣ್ಣೆ ನಿಂತಿದ್ದರೆ ಹೀರಿ ತೆಗೆಯಬೇಕು. ತಳ ಮುಚ್ಚಿದ ತೂತಾದರೆ ಬೋಲ್ಟ್ ಇಳಿದಂತೆ ಆ ನೀರಿಗೆ ಹೋಗಲು ಜಾಗವಿಲ್ಲದೆ ಬ್ಲಾಕ್ ಬಿರುಕು ಬಿಡುವುದೂ ಉಂಟು.

ಈಗ ಬಿಗಿ ಮಾಡುವುದು

ಬೋಲ್ಟ್ ಬಿಗಿ ಮಾಡಿದಾಗ ಅದು ಕೂದಲೆಳೆಯಷ್ಟು ಉದ್ದವಾಗಿ ಸ್ಪ್ರಿಂಗಿನ ಹಾಗೆ ಎರಡೂ ಭಾಗಗಳನ್ನು ಎಳೆದು ಹಿಡಿಯುತ್ತದೆ. ನಾವು ಹಾಕುವ ಶಕ್ತಿಯಲ್ಲಿ ಸುಮಾರು ಶೇ 10ರಷ್ಟು ಮಾತ್ರ ಈ ಎಳೆತಕ್ಕೆ ಹೋಗುತ್ತದೆ, ಉಳಿದದ್ದೆಲ್ಲ ಥ್ರೆಡ್ಡಿನಲ್ಲಿ, ಬೋಲ್ಟಿನ ತಲೆಯ ಕೆಳಗೆ ಉಜ್ಜಾಟಕ್ಕೇ ಖರ್ಚು. ಹಾಗಾಗಿ ತುಕ್ಕು ಹಿಡಿದ ಬೋಲ್ಟ್ ಬಿಗಿ ಅನಿಸುತ್ತದೆ, ಆದರೆ ಹಿಡಿದಿರುವುದಿಲ್ಲ. ಎಣ್ಣೆ ಹಚ್ಚಿದ್ದು ಅದೇ ಬಲಕ್ಕೆ ಜಾಸ್ತಿ ಎಳೆದು ತುಂಡಾಗಬಹುದು. ಥ್ರೆಡ್ ಸ್ವಚ್ಛ ಇರಲಿ, ಎಣ್ಣೆ ಮ್ಯಾನುಯಲ್ ಹೇಳಿದರೆ ಮಾತ್ರ.

ಟ್ಯಾಪೆಟ್ ಕವರಿಗೆ ಸಾಮಾನ್ಯವಾಗಿ 10 ನಂಬರ್ ಪಾನಾದ ಸಣ್ಣ ಬೋಲ್ಟ್ ಇರುತ್ತವೆ. ಇವಕ್ಕೆ ಸುಮಾರು 10 ನ್ಯೂಟನ್ ಮೀಟರ್ ಸಾಕು. ಅಂದರೆ 12-13 ಸೆಂಟಿಮೀಟರ್ ಉದ್ದದ ಪಾನಾದ ತುದಿಗೆ 8 ಕೆಜಿ ತೂಕ ಬಿಟ್ಟಷ್ಟು. ಅದರ ಎರಡರಷ್ಟು ಉದ್ದದ ಹಿಡಿ ಹಾಕಿದರೆ 4 ಕೆಜಿಗೇ ಮುಗಿಯಿತು. ಗಟ್ಟಿ ಕೈಯ ಹುಡುಗ ದೊಡ್ಡ ಹಿಡಿ ಹಿಡಿದು "ಇನ್ನೊಂದು ಸ್ವಲ್ಪ" ಅಂತ ಎಳೆದಾಗ ಬೋಲ್ಟ್ ಮುರಿಯುವುದು ಹೀಗೇ. ಮುರಿಯುವ ಮುಂಚೆ ಕೈಗೆ ಒಂದು ಸೂಚನೆ ಸಿಗುತ್ತದೆ: ಪಾನಾ ತಿರುಗುತ್ತಲೇ ಇರುತ್ತದೆ, ಬಿಗಿ ಮಾತ್ರ ಏರುವುದಿಲ್ಲ. ಅಲ್ಲೇ ನಿಲ್ಲಿಸಿ, ಬಿಚ್ಚಿ, ಆ ಬೋಲ್ಟ್ ಎಸೆಯಿರಿ.

ಮೊದಲು ಎಲ್ಲ ಬೋಲ್ಟ್ ಬೆರಳಿನಿಂದಲೇ ಕೂರಿಸಿ. ನಂತರ ನಡುವಿನಿಂದ ಶುರು ಮಾಡಿ, ಒಮ್ಮೆ ಈ ಬದಿ ಒಮ್ಮೆ ಆ ಬದಿ ಅಂತ ಹೊರಗೆ ಹೋಗಿ. ಒಂದೇ ಸಲಕ್ಕೆ ಪೂರ್ತಿ ಬೇಡ, ಎರಡು-ಮೂರು ಸುತ್ತಿನಲ್ಲಿ ಏರಿಸಿ. ಟಾರ್ಕ್ ರೆಂಚ್ (ಹೊಂದಿಸಿಟ್ಟಷ್ಟು ಬಿಗಿ, ಅಂದರೆ ಟಾರ್ಕ್ ಬಂದಾಗ ಸದ್ದು ಮಾಡುವ ಪಾನಾ) ಇದ್ದರೆ ಹಿಡಿಯ ಮೇಲೆ ಕೈಯಿಟ್ಟು ನಿಧಾನ ಎಳೆಯಿರಿ, ಒಂದು "ಟಕ್" ಬಂದರೆ ಮುಗಿಯಿತು. ಖಾತ್ರಿಗೆ ಅಂತ ಮತ್ತೆ ಮತ್ತೆ ಟಕ್ ಅನಿಸಿದರೆ ಪ್ರತಿ ಸಲ ಇನ್ನಷ್ಟು ಬಿಗಿಯಾಗುತ್ತದೆ. ಟಾರ್ಕ್ ರೆಂಚಿನಿಂದ ಬೋಲ್ಟ್ ಬಿಚ್ಚಬೇಡಿ, ಕೆಲಸ ಆದಮೇಲೆ ಅದನ್ನು ಅದರ ತೀರಾ ಕೆಳಗಿನ ಅಳತೆಗೆ ಇಳಿಸಿಡಿ. ಹಳೇ ಪುಸ್ತಕದಲ್ಲಿ ಕೆಜಿ-ಮೀಟರ್ ಅಂತ ಇದ್ದರೆ 9.8ರಿಂದ ಗುಣಿಸಿ, ನ್ಯೂಟನ್ ಮೀಟರ್ ಸಿಗುತ್ತದೆ.

ಹೆಡ್ ಬೋಲ್ಟ್ ಮಿಸ್ತ್ರಿಯ ಕೆಲಸ, ಆದರೆ ಕೇಳಬೇಕಾದ್ದನ್ನು ಕೇಳಿ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ, ಹೊರಗಿನಿಂದ ನಡುವಿಗೆ ಬಿಚ್ಚಿದರಾ? ಇಲ್ಲದಿದ್ದರೆ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುತ್ತದೆ. ಹೆಡ್ ಮೇಲೆ ನೇರ ಪಟ್ಟಿ ಇಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ಹಾಕಿ ಸಮ ಇದೆಯಾ ನೋಡಿದರಾ? ಬಿಗಿ ಮಾಡಲು "ಇಷ್ಟು ಟಾರ್ಕ್, ಆಮೇಲೆ 90 ಡಿಗ್ರಿ" ಅಂತ ಕೋನದ ಲೆಕ್ಕವಿದ್ದರೆ ಆ ಬೋಲ್ಟ್ ಬಹುತೇಕ ಪೂರ್ತಿ ಹಿಗ್ಗಿಸಿಯೇ ಕೂರಿಸುವಂಥದ್ದು, ಅವನ್ನೂ ಹೊಸದೇ ತರಿಸಬೇಕು. ಅಂಗಡಿಗೆ ಹೋಗುವಾಗ ಆರ್‌ಸಿ ಜೊತೆಗಿರಲಿ, ಒಂದೇ ಹೆಸರಿನ ಕಾರಿಗೆ ಎರಡು-ಮೂರು ಇಂಜಿನ್ ಇರುತ್ತವೆ, ಗ್ಯಾಸ್ಕೆಟ್ಟೂ ಬೇರೆ ಬೇರೆ.

ಎಲ್ಲ ಮುಗಿದು, ಹುಮನಾಬಾದ್ ಕಡೆ ಒಂದು ಸುತ್ತು ಓಡಿಸಿ ಬಂದಮೇಲೆ ಅಂಚಿಗೆ ಬಿಳಿ ಬಟ್ಟೆ ಒತ್ತಿ ನೋಡಿ. ಒಂದು ಮೂಲೆಯಲ್ಲಿ ಒದ್ದೆಯಾದರೆ ಆ ಮೂಲೆಯ ಬೋಲ್ಟನ್ನೇ ಇನ್ನೂ ಬಿಗಿ ಮಾಡಲು ಹೋಗಬೇಡಿ. ಆಗ ಕವರ್ ಅಲ್ಲಿ ಬಗ್ಗಿ ಪಕ್ಕದಲ್ಲಿ ಬಾಯಿ ಬಿಡುತ್ತದೆ. ಬಿಚ್ಚಿ, ಗ್ಯಾಸ್ಕೆಟ್ ತನ್ನ ತೋಡಿನಲ್ಲಿ ಸರಿಯಾಗಿ ಕೂತಿತ್ತಾ, ಕೆಳಗೆ ಹಳೇ ಪೇಸ್ಟಿನ ಚೂರು ಉಳಿದಿತ್ತಾ ಅಂತ ನೋಡಿ ಮತ್ತೆ ಕೂಡಿಸಿ.