ಹೊಗೆ ಕುಡಿದ ಪಾಲಕ್‌ನ ಹಾರ್ಮೋನ್ ಅಳೆಯುವುದು ಹೇಗೆ?

ಮುಂಬೈಯ ರೈಲು ಹಳಿ ಪಕ್ಕ ಬೆಳೆಯುವ ಪಾಲಕ್ ನೋಡಿ, ಹೊಗೆಗೆ ಗಿಡ ಎಷ್ಟು ನಲುಗಿದೆ ಎಂದು ಅಳೆಯಹೊರಡುವ ನಮ್ಮ ಕನ್ನಡದ ಎಂ.ಎಸ್ಸಿ. ಹುಡುಗರು ಆಗಾಗ ಸಿಗುತ್ತಾರೆ. ಯಂತ್ರದ ಬಗ್ಗೆ ನೂರು ಪ್ರಶ್ನೆ ಕೇಳುತ್ತಾರೆ. ಎಲೆ ಕೀಳುವುದರ ಬಗ್ಗೆ ಒಂದೂ ಇಲ್ಲ. ಕೆಲಸ ಕೆಡುವುದು ಅಲ್ಲೇ.

ಗಿಡ ನಲುಗಿದರೆ ಅದರ ಕೆಲವು ಹಾರ್ಮೋನ್‌ಗಳು ಏರುತ್ತವೆ, ಅಳೆಯಬೇಕಾದದ್ದು ಅವನ್ನೇ. ಮೊದಲು ಹಾರ್ಮೋನ್ ಆರಿಸಿಕೊಳ್ಳಿ. ಎಲೆ ಗಾಳಿಯಾಡುವ ಸಣ್ಣ ತೂತುಗಳನ್ನು, ಅಂದರೆ ಪತ್ರರಂಧ್ರಗಳನ್ನು, ಮುಚ್ಚಿಸುವುದು ಅಬ್ಸಿಸಿಕ್ ಆಮ್ಲ. ಹೊಗೆಯ ಅನಿಲಗಳಿಂದ ಬಿಸಿಲಲ್ಲಿ ಹುಟ್ಟುವ ಓಝೋನ್ ತಾಗಿದರೆ ಎಥಿಲಿನ್, ಸ್ಯಾಲಿಸಿಲಿಕ್, ಜಾಸ್ಮೋನಿಕ್ ಆಮ್ಲಗಳೂ ಏರುತ್ತವೆ. ಎಥಿಲಿನ್ ಸಹವಾಸ ಹೊಸಬರಿಗೆ ಬೇಡ. ಅದು ಅನಿಲ, ವಾಹನದ ಹೊಗೆಯಲ್ಲೂ ಇರುತ್ತದೆ. ಗಿಡದ್ದೆಷ್ಟು, ರಿಕ್ಷಾದ್ದೆಷ್ಟು ಅಂತ ಬಿಡಿಸುವಷ್ಟರಲ್ಲಿ ಸುಸ್ತು.

ಹಳಿ ಪಕ್ಕದ ಗಿಡವನ್ನೇ ಕಿತ್ತು ತರಬೇಡಿ. ನೀರು ಸಾಲದಿದ್ದರೂ, ಮಣ್ಣಲ್ಲಿ ಉಪ್ಪು ಜಾಸ್ತಿಯಾದರೂ ಅಬ್ಸಿಸಿಕ್ ಏರುತ್ತದೆ. ಸುಮ್ನೆ ಹೊಗೆಯ ಮೇಲೆ ಗೂಬೆ ಕೂರಿಸಿದ ಹಾಗಾಗುತ್ತದೆ. ಒಂದೇ ಬೀಜ, ಒಂದೇ ಮಣ್ಣಿನ ಕುಂಡಗಳನ್ನು ಅರ್ಧ ಹೊಗೆ ಹೆಚ್ಚಿರುವ ಚೆಂಬೂರಿನಲ್ಲಿ, ಅರ್ಧ ಹೊಗೆ ಕಮ್ಮಿಯಿರುವ ಬೊರಿವಲಿ ಕಾಡಿನ ಅಂಚಿನಲ್ಲಿಡಿ. ಡಿಸೆಂಬರ್‌ನಿಂದ ಫೆಬ್ರುವರಿ ಸರಿಯಾದ ಕಾಲ. ಎರಡೂ ಕಡೆಯ ಗಾಳಿಯ ಅಂಕಿ ಬರೆದಿಡಿ. ವಾಹನದ ನೈಟ್ರಿಕ್ ಆಕ್ಸೈಡ್ ಓಝೋನನ್ನು ತಿಂದುಹಾಕುವುದರಿಂದ ಕಾಡಿನ ಅಂಚಿನಲ್ಲೇ ಓಝೋನ್ ಹೆಚ್ಚಿರಬಹುದು.

ಈಗ ಎಲೆ. ಗಾಯವಾದ ಕೆಲವೇ ನಿಮಿಷಗಳಲ್ಲಿ ಜಾಸ್ಮೋನಿಕ್ ಏರುತ್ತದೆ, ಬಾಡತೊಡಗಿದರೆ ಅಬ್ಸಿಸಿಕ್. ಹಾಗಾಗಿ ತೊಳೆಯಬೇಡಿ, ಸವರಬೇಡಿ, ಮುಟ್ಟಿ ನೋಡಬೇಡಿ. ಎರಡೂ ಕಡೆ ಒಂದೇ ಹೊತ್ತು, ಒಂದೇ ವಯಸ್ಸಿನ ಎಲೆ. ಹೊತ್ತು ಬೆಳಿಗ್ಗೆ 9ರಿಂದ 10, ಚರ್ಚೆಯೇ ಬೇಡ. ಮಧ್ಯಾಹ್ನದ ಬಿಸಿಲಿಗೆ ನೀರುಂಡ ಗಿಡವೂ ಸೊರಗುತ್ತದೆ. ಫಾಯಿಲ್ ಚೂರುಗಳ ಮೇಲೆ ಹಿಂದಿನ ರಾತ್ರಿಯೇ ಪೆನ್ಸಿಲ್ ಒತ್ತಿ ನಂಬರ್ ಕೊರೆದಿಡಿ. ಮಾರ್ಕರ್ ಶಾಯಿ ಮೆಥನಾಲ್ ತಾಗಿದರೆ ಹೋಯ್ತು. ಒಬ್ಬರು ಕತ್ತರಿಸಬೇಕು, ಇನ್ನೊಬ್ಬರು ಸಡಿಲವಾಗಿ ಮಡಿಸಿ ಲಿಕ್ವಿಡ್ ನೈಟ್ರೋಜನ್‌ಗೆ ಹಾಕಬೇಕು. ಕತ್ತರಿ ಆಡಿದ 10 ಸೆಕೆಂಡಿನೊಳಗೆ ಚುಂಯ್ ಅನ್ನಬೇಕು. ಅದು ಮೈನಸ್ 196 ಡಿಗ್ರಿ. ಕನ್ನಡಕ, ಗ್ಲೌಸ್ ಹಾಕಿ, ಡಬ್ಬಕ್ಕೆ ಬಿಗಿ ಮುಚ್ಚಳ ಹಾಕಬೇಡಿ.

ಥರ್ಮಾಕೋಲ್ ಡಬ್ಬಕ್ಕೆ ಮೀನು ಮಾರ್ಕೆಟ್ಟಿನ ಐಸ್ ತುಂಬಿಕೊಂಡು ಲೋಕಲ್ ಹತ್ತುವವರಿದ್ದಾರೆ. ಐಸಿನಲ್ಲಿ ಎಲೆಯ ಕಿಣ್ವಗಳು ನಿಧಾನವಾಗುತ್ತವೆ, ನಿಲ್ಲುವುದಿಲ್ಲ. ಡ್ರೈ ಐಸ್ (ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್) ಕೊಳ್ಳಿ, ಗಾಳಿಯಾಡುವ ಗಾಡಿಯಲ್ಲಿ ತನ್ನಿ.

ಮುಂದಿನದು ಸುಲಭ. ಮೈನಸ್ 80ರ ಫ್ರೀಜರಿನಲ್ಲಿಡಿ, ಲಿಕ್ವಿಡ್ ನೈಟ್ರೋಜನ್ ಸುರಿಯುತ್ತಲೇ ಅರೆಯಿರಿ. ಪುಡಿ ಒದ್ದೆಯಾಗಿ ಮೆತ್ತಗಾಯಿತೋ, ಎಸೆಯಿರಿ. ಶೇ 80ರ ತಣ್ಣನೆಯ ಮೆಥನಾಲ್‌ನಲ್ಲಿ ರಾತ್ರಿಯಿಡೀ ಕತ್ತಲಲ್ಲಿ ಬಿಡಿ. ಅಬ್ಸಿಸಿಕ್‌ಗೆ ಬೆಳಕು ಆಗಿಬರುವುದಿಲ್ಲ. ಡ್ಯೂಟೀರಿಯಂ (ಭಾರದ ಹೈಡ್ರೋಜನ್) ಇರುವ ಸ್ಟ್ಯಾಂಡರ್ಡ್, ಅಂದರೆ ಎಷ್ಟು ಹಾಕಿದ್ದೇವೆಂದು ಗೊತ್ತಿರುವ ಅದೇ ಹಾರ್ಮೋನ್, ಹಾಕಬೇಕಾದದ್ದು ಇದೇ ಹಂತದಲ್ಲಿ. ಕೊನೆಗೆ ಹಾಕಿದರೆ ನಡುವೆ ಸೋರಿಹೋದದ್ದರ ಲೆಕ್ಕ ಸಿಗುವುದಿಲ್ಲ.

ಅಳೆಯಲು ಎಲ್‌ಸಿ-ಎಂಎಸ್ (ರಸದ ಪದಾರ್ಥಗಳನ್ನು ಬೇರ್ಪಡಿಸಿ, ಅಣುವಿನ ತೂಕದಿಂದ ಗುರುತಿಸುವ ಯಂತ್ರ) ಒಂದೇ ನನಗೆ ಒಪ್ಪಿಗೆ. ಪ್ರತಿಕಾಯಗಳಿಂದ ಅಳೆಯುವ ಅಗ್ಗದ ಎಲೈಸಾ ಕಿಟ್‌ಗಳು ಹಸಿರು ರಸಕ್ಕೂ ಮೆಥನಾಲ್‌ಗೂ ದಾರಿ ತಪ್ಪುತ್ತವೆ. ಪವಾಯಿಯ ಐಐಟಿಯಲ್ಲಿ ಹೊರಗಿನವರ ಸ್ಯಾಂಪಲ್ ಕೂಡ ತೆಗೆದುಕೊಳ್ಳುತ್ತಾರೆ. ಸರದಿ ಯಾವಾಗ ಎಂದು ಬೀಜ ಹಾಕುವ ಮೊದಲೇ ಕೇಳಿ. ಲೆಕ್ಕವನ್ನು ಒಣ ತೂಕದ ಮೇಲೆ ಕೊಡಿ. ನಲುಗಿದ ಎಲೆಯಲ್ಲಿ ನೀರೇ ಕಮ್ಮಿ, ಹಸಿ ತೂಕದಲ್ಲಿ ಹಾರ್ಮೋನ್ ಸುಮ್ನೆ ಜಾಸ್ತಿ ಕಾಣುತ್ತದೆ.